ಅಫ್ಶೀನ್ ತೆಗೆದ ನೀಹಾರಿಕೆ

ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆಯ ಒಂದು ಫೋಟೊ ಸ್ಟುಡಿಯೊದಲ್ಲಿ ಅಫ್ಶೀನ್ ಆರು ವರ್ಷದಿಂದ ಮದುವೆ ಆಲ್ಬಮ್ ಜೋಡಿಸುತ್ತಿದ್ದಳು. ಮದುಮಗಳ ಮೊಡವೆ ಅಳಿಸುವುದು, ಮಾವನ ಬೋಳುತಲೆಯ ಹೊಳಪು ತಗ್ಗಿಸುವುದು ದಿನದ ಕೆಲಸ. ಅವಳ ಜೀವವಿದ್ದದ್ದು ಮಾತ್ರ ಆಕಾಶದಲ್ಲಿ. ವೃಷಭ ರಾಶಿಯಲ್ಲೊಂದು ಕಪ್ಪು ನೀಹಾರಿಕೆಯಿದೆ; ಚುಕ್ಕೆಗಳ ನಡುವೆ ಮಸಿ ಚೆಲ್ಲಿದಂಥ ಧೂಳಿನ ಮೋಡ. ಅದರೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಓದಿದಾಗಿನಿಂದ ಅದರ ಚಿತ್ರ ತೆಗೆಯುವ ಹಟ ಹಿಡಿದಿತ್ತು.

ಊರಿನ ದೀಪಗಳ ನಡುವೆ ಆ ಕಪ್ಪು ಕಾಣದು. ಹಾಗಾಗಿ ಚಳಿಗಾಲದ ಅಮಾವಾಸ್ಯೆಗಳಲ್ಲಿ ಅಪ್ಪ ಮಲಂಗಸಾಬ ತನ್ನ ಆಟೊದಲ್ಲಿ ಅವಳನ್ನು ಕಮಲಾಪುರಕ್ಕೆ ಕರೆದೊಯ್ಯುತ್ತಿದ್ದ. ಕೆಂಪು ಬಾಳೆ ತೋಟದ ಬದುವಿನ ಮೇಲೆ ಅವಳು ಕ್ಯಾಮೆರಾ ನಿಲ್ಲಿಸಿ ಎರಡೆರಡು ನಿಮಿಷ ಅದರ ಕಣ್ಣು ತೆರೆದಿಟ್ಟು ನೂರಾರು ಚಿತ್ರ ತೆಗೆಯುವಳು. ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿದರೇ ಮೋಡದ ಅಂಚು ಮೂಡುವುದು. ಅಪ್ಪ ಚಾದರ ಹೊದ್ದು ನಾಯಿ ಓಡಿಸುತ್ತ ಕೂರುವನು.

"ಇದರಾಗ ಏನೂ ಕಾಣವಲ್ದಲ್ಲ, ಬೇಟಾ."

"ಕಾಣ್ತದ ಅಬ್ಬಾ, ತಡೀರಿ."

ಎರಡು ಚಳಿಗಾಲ, ಹನ್ನೊಂದು ರಾತ್ರಿ ಹಿಡಿಯಿತು. ಸ್ಟುಡಿಯೊದ ಕಂಪ್ಯೂಟರಿನಲ್ಲಿ ಅವಳು ಚಿತ್ರ ಮುಗಿಸಿದಾಗ ಮಾಲೀಕ ಇಮಾಮುದ್ದೀನ್ ಹಿಂದೆ ನಿಂತು ನೋಡಿದ. ಎರಡು ತಿಂಗಳಿಗೆ ಛಾಯಾಚಿತ್ರ ಸ್ಪರ್ಧೆಯೊಂದರಲ್ಲಿ ಅದೇ ಚಿತ್ರಕ್ಕೆ ಅವನ ಹೆಸರಲ್ಲಿ ಮೊದಲ ಬಹುಮಾನ ಬಂತು.

ಸೇಡಂ ರಸ್ತೆಯ ಸಭಾಂಗಣದಲ್ಲಿ ಸನ್ಮಾನ. ಅದರ ಫೋಟೊ ತೆಗೆಯಲು ಇಮಾಮುದ್ದೀನ್ ಅವಳನ್ನೇ ಕರೆದಿದ್ದ. ಅಪ್ಪನೂ ಬಂದಿದ್ದ. ಚಿತ್ರ ಪರದೆಯ ಮೇಲೆ ಬಂದಾಗ ಅಫ್ಶೀನ್‌ಗೆ ತಡೆಯಲಾಗಲಿಲ್ಲ.

"ಈ ಚಿತ್ರ ನಂದ್ರೀ. ಕಮಲಾಪುರದಾಗ ತೆಗದೀನಿ. ಹನ್ನೊಂದು ರಾತ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿ ಇಮಾಮುದ್ದೀನನ ಬಂಧು ಜುಬೇದಾ ಇದ್ದಳು. ಹೋದ ವಾರವಷ್ಟೇ ತನ್ನ ಮಗನಿಗೆ ಅಫ್ಶೀನಳನ್ನು ನೋಡಿ ಒಪ್ಪಿದ್ದಳು. ಇಮಾಮುದ್ದೀನ್ ಜುಬೇದಾಳತ್ತ ಒಮ್ಮೆ ನೋಡಿ, ಮೈಕಿನಲ್ಲೇ ನಗುತ್ತ ಕೇಳಿದ:

"ಮಲಂಗಸಾಬ, ಖರೇನ್ರೀ? ನಿಮ್ಮ ಮಗಳು ಹನ್ನೊಂದು ರಾತ್ರಿ ಹೊಲದಾಗ ಇದ್ಲಾ?"

ಮಲಂಗಸಾಬ ಎದ್ದು ನಿಂತ. ಅವನ ಕಣ್ಣೂ ಜುಬೇದಾಳತ್ತ ಹೋಯಿತು.

"ಇಲ್ರೀ ಸಾಹೇಬ್ರ. ನನ್ನ ಮಗಳು ರಾತ್ರಿ ಎಂದೂ ಹೊಸ್ತಿಲ ದಾಟಿಲ್ಲ."

"ಅಬ್ಬಾ! ನೀವೂ ಸಂಗಟ ಇದ್ರಲ್ಲ!"

"ಸುಳ್ಳಾಡಬ್ಯಾಡ," ಎಂದ ಅಪ್ಪ, ನೆಲ ನೋಡುತ್ತ.

"ಕಂಪ್ಯೂಟರ್ ನೋಡಿ ನೋಡಿ ತಲಿ ಕೆಟ್ಟದ ಪಾಪ," ಎಂದ ಇಮಾಮುದ್ದೀನ್. "ಹ್ಞೂಂ, ಫೋಟೊ ತೆಗಿ."

ತೆಗೆದಳು. ಶಾಲು, ಹಾರ, ಅವನ ನಗು, ಒಂದು ಚಿತ್ರವೂ ಅಲುಗಲಿಲ್ಲ.

ತಾರೀಖು ಸಮೇತ ಮೂಲ ಚಿತ್ರಗಳೆಲ್ಲ ಅವಳ ಹಾರ್ಡ್‌ಡಿಸ್ಕಿನಲ್ಲಿದ್ದವು. ತೋರಿಸಿದರೆ ಚಿತ್ರ ಅವಳದಾಗುತ್ತಿತ್ತು, ಅಪ್ಪ ಊರ ಮುಂದೆ ಸುಳ್ಳನಾಗುತ್ತಿದ್ದ. ಆ ರಾತ್ರಿಯೇ ಎಲ್ಲವನ್ನೂ ಅಳಿಸಿದಳು.

ಮೂರನೆಯ ದಿನ ಜುಬೇದಾ ಹೇಳಿಕಳಿಸಿದಳು: "ಸಭಾದಾಗ ಎದ್ದು ಸುಳ್ಳು ಹೇಳೋ ಹುಡುಗಿ ನಮಗ ಬ್ಯಾಡ."

ಮಲಂಗಸಾಬ ಮಗಳ ಮುಂದೆ ಕುಸಿದು ಕೂತ. "ತೋರಸು ಬೇಟಾ, ಎಲ್ಲಾ ತೋರಸು. ಸುಳ್ಳು ಹೇಳ್ದಾಂವ ನಾನಂತ ಮಸೀದಿ ಮುಂದ ನಿಂತು ಹೇಳ್ತೀನಿ."

ಅಫ್ಶೀನ್ ಅವನ ಕೈಗೆ ನೀರಿನ ಲೋಟ ಕೊಟ್ಟಳು. ತೋರಿಸಲು ಏನೂ ಉಳಿದಿಲ್ಲವೆಂದು ಆಮೇಲೆ ಹೇಳಿದಳು.