ಹದ ನೋಡಿದ ಕಾಲು

ಬರಿಗಾಲಲ್ಲಿ ಮಣ್ಣಿನ ಮೇಲೆ ನಡೆದರೆ ಮನಸ್ಸು ತಂಪಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಹೂಂ ಅನ್ನುತ್ತೇನೆ. ನನಗೆ ಮಾತ್ರ ಮೊದಲು ನೆನಪಾಗುವುದು ಹಿಮ್ಮಡಿ.

ಎಪ್ಪತ್ತರ ದಶಕದ ಕೊನೆ ಇರಬೇಕು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದವಳು ದಸರೆಯ ರಜೆಗೆ ಗದಗಿನ ದೊಡ್ಡಪ್ಪನ ಮನೆಗೆ ಬಂದಿದ್ದೆ. ದೊಡ್ಡಪ್ಪ ಮಾಸ್ತರಿಕೆಯಿಂದ ನಿವೃತ್ತರಾಗಿ ಹತ್ತಿರದ ಹಳ್ಳಿ ಅಂತೂರ ಬೆಂತೂರದ ಕಪ್ಪುಮಣ್ಣಿನ ಎರೆಹೊಲ ನೋಡಿಕೊಳ್ಳುತ್ತಿದ್ದರು. ಹಿಂಗಾರಿ ಜೋಳ ಬಿತ್ತುವ ಮುಂಚೆ ಹೊಲದಲ್ಲಿ ಬರಿಗಾಲಲ್ಲಿ ಅಡ್ಡಾಡಿ ಹದ ನೋಡುತ್ತಿದ್ದವರು ಅವರೇ. ಹಸಿ ಹೆಚ್ಚಿದ್ದರೆ ಬೀಜ ಕೊಳೆಯುತ್ತದೆ. ತಡ ಮಾಡಿದರೆ ಮೊಳೆಯುವುದಿಲ್ಲ. ಅಕ್ಕಪಕ್ಕದ ಹೊಲದವರೂ ಅವರ ಮಾತಿಗೆ ಕಾಯುತ್ತಿದ್ದರು. ಬಿತ್ತುವ ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವ ಪದ್ಧತಿ ಇರಲಿಲ್ಲ. ಎಲ್ಲರ ಚಪ್ಪಲಿಯೂ ಬದುವಿನ ಮೇಲೆಯೇ.

ಆ ವರ್ಷ ಅವರು ಹೊಲಕ್ಕೆ ಹೋಗಿರಲಿಲ್ಲ. ಬೇಸಿಗೆಯಲ್ಲಿ ಅಂಗಾಲಿಗೆ ಜಾಲಿಮುಳ್ಳು ನಟ್ಟಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಪಡಸಾಲೆಯ ಮೇಲೆ ರಕ್ತದ ಹೆಜ್ಜೆ ಕಂಡವಳು ದೊಡ್ಡವ್ವ. ಸಕ್ಕರೆ ಕಾಯಿಲೆ, ಇನ್ನು ಮನೆಯೊಳಗೂ ಬರಿಗಾಲು ಬೇಡ ಎಂದಿದ್ದರು ಡಾಕ್ಟರು. ಕಾಲಿನ ಸ್ಪರ್ಶ ಹೋದ ಸಂಗತಿ ಮನೆಯ ಹೊರಗೆ ಯಾರಿಗೂ ತಿಳಿಯಬಾರದು ಎಂಬುದು ದೊಡ್ಡಪ್ಪನ ಹಟ. ಇದು ತಿಳಿಯದ, ಬಿತ್ತುವ ಕೂರಿಗೆ ಹೂಡುವ ಹಿರಿಯ ದಿನಾ ಬಂದು, ಹದ ನೋಡಲು ಯಾವಾಗ ಬರುತ್ತೀರೆಂದು ಕೇಳಿ ಹೋಗುತ್ತಿದ್ದ.

ಒಂದು ಬೆಳಿಗ್ಗೆ ದೊಡ್ಡಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು. ಬದುವಿನ ಮೇಲೆ ನಿಂತು ಬಹಳ ಹೊತ್ತು ಹೊಲ ನೋಡಿದರು. ಚಪ್ಪಲಿ ಬಿಡಲು ಬಗ್ಗಿದವರು ಹಾಗೆಯೇ ನೆಟ್ಟಗಾದರು.

"ನೀ ಇಳಿಯವ್ವಾ. ಧಾರವಾಡದ ಡಾಂಬರು ತುಳಿದ ಕಾಲು ಖರೆ, ಆದ್ರೂ ಅದರಾಗ ಜೀವ ಐತಿ."

ಸೀರೆ ಎತ್ತಿ ಹಿಡಿದು ಇಳಿದೆ. ಮೇಲಿನ ಮಣ್ಣು ಒಣಗಿ ಪುಡಿಯಾಗುತ್ತಿತ್ತು. ನಾನು ಒಣಗೇತಿ ಎಂದೆ. ಅದನ್ನು ಕಣ್ಣೂ ಹೇಳುತ್ತದೆ, ಕಾಲು ಒತ್ತು ಎಂದರು.

"ಹಿಮ್ಮಡಿಗಿ ಅಂಟತೈತೇನು?"

"ಇಲ್ಲ. ಬೆರಳಸಂದಿಗೆ ಒಂದೀಟು."

"ತಂಪು?"

"ಐತಿ."

"ಎಲ್ಲಿ ಮಟಾ ಏರತೈತಿ?"

ತಂಪು ಏರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ನಿಂತೆ. ಪಾದದ ಮೇಲಿನ ಹರಡಿನವರೆಗೆ ಎಂದು ನಾನೇ ಹೇಳಿದೆನೋ, ಅವರೇ ಕೇಳಿ ನಾನು ಹೂಂಗುಟ್ಟಿದೆನೋ, ಈಗ ಆಣೆ ಮಾಡಿ ಹೇಳಲಾರೆ. ಅವರು ಹೊಲದ ಮೂಲೆ ಮೂಲೆಗೂ ನನ್ನನ್ನು ಕಳಿಸಿ, ಅದೇ ಪ್ರಶ್ನೆಗಳನ್ನು ಬದುವಿನಿಂದಲೇ ಕೂಗಿ ಕೇಳಿದರು. ಆಮೇಲೆ ಬಸ್ಸು ಹಿಡಿದು ಮನೆಗೆ ವಾಪಸಾದೆವು.

ಮನೆಯ ಕಟ್ಟೆಯ ಮೇಲೆ ಕೂರಿಗೆಯ ಹಿರಿಯ ಕಾದು ಕೂತಿದ್ದ. ದೊಡ್ಡವ್ವ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. ದೊಡ್ಡಪ್ಪನ ಕಾಲು ನೋಡಿದಳು, ಚಪ್ಪಲಿಯೊಳಗೆ ಬೆಳ್ಳಗಿದ್ದವು. ನನ್ನ ಕಾಲು ನೋಡಿದಳು, ಬೆರಳಸಂದಿಯೆಲ್ಲ ಕಪ್ಪು. ದೊಡ್ಡಪ್ಪ ಬಾಯಿ ತೆರೆದರು, ಏನು ಹೇಳುವುದಿತ್ತೋ. ಅಷ್ಟರಲ್ಲಿ ಅವಳು ಹಿರಿಯನಿಗೂ ನನಗೂ ನಡುವೆ ಬಂದು ನಿಂತು, ನನ್ನ ಕಾಲಿನ ಮೇಲೆ ನೀರು ಸುರಿಯತೊಡಗಿದ್ದಳು.

"ಇವ್ರು ಹದ ನೋಡಿ ಬಂದಾರ. ಏನಂತಾರ ಕೇಳಪಾ," ಎಂದಳು, ತಲೆ ಎತ್ತದೆ.

ದೊಡ್ಡಪ್ಪ ನನ್ನ ಕಡೆ ಒಮ್ಮೆ ನೋಡಿದರು. "ನಾಳೆ ಹೂಡು," ಅಂದರು.

ಆ ವರ್ಷ ಜೋಳ ಹೇಗೆ ಬಂತೆಂಬುದು ನೆನಪಿಲ್ಲ. ಎರೆಮಣ್ಣು ಜಲ್ದಿ ಬಿಡದೆ, ದೊಡ್ಡವ್ವ ಇನ್ನೊಂದು ತಂಬಿಗೆ ನೀರು ತಂದದ್ದು ನೆನಪಿದೆ.