ವಾಪಸ್ಸಮ್ಮನ ಕಂದು ಬಣ್ಣ

ಅವಳನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿಂದ ಹೊಗಳಿಕೆ ಬರುತ್ತದೆಂದು ಕಾದು ಕೂರುವುದು ಬೇಡ. ಹನ್ನೊಂದು ವರ್ಷ ಒಂದೇ ಆಸ್ಪತ್ರೆಯ ಲ್ಯಾಬಿನಲ್ಲಿ, ಒಂದು ಗಾಜಿನ ಬಾಗಿಲಿನ ಆಚೆ ಈಚೆ ಕೆಲಸ ಮಾಡಿದ್ದೇವೆ. ಈಚೆಗಿನ ಕೌಂಟರ್ ನನ್ನದು. ಆಪರೇಷನ್ ಆದವರ ಗಡ್ಡೆ, ಗಂಟು ಏನೇ ಡಬ್ಬಿಯಲ್ಲಿ ಬಂದರೂ ತೆಗೆದುಕೊಂಡು ಫಾರಂ ತುಂಬಬೇಕು, ಕೊನೆಗೆ ರಿಪೋರ್ಟ್ ಟೈಪ್ ಮಾಡಬೇಕು. ಆಚೆಗಿನ ಕೋಣೆ ಅವಳದು. ಅದೇ ಗಡ್ಡೆಯ ಚೂರನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಯ ಮೇಲೆ ಕೂರಿಸಿ ಬಣ್ಣ ಹಾಕುವುದು ಅವಳ ಕೆಲಸ. ಎದುರಿಗೆ ‘ನೀವು’ ಎನ್ನುತ್ತೇನೆ, ವಯಸ್ಸಿಗೆ ಮರ್ಯಾದೆ. ಬೆನ್ನ ಹಿಂದೆ ಅವಳು ಅವಳೇ.

ಲ್ಯಾಬಿನಲ್ಲಿ ಎಲ್ಲರೂ ಅವಳಿಗಿಟ್ಟ ಹೆಸರು ವಾಪಸ್ಸಮ್ಮ. ಡಬ್ಬಿಯ ಹೆಸರಿಗೂ ಫಾರಂ ಹೆಸರಿಗೂ ಒಂದಕ್ಷರ ಹೆಚ್ಚುಕಡಿಮೆಯಾದರೆ ಕೆಂಪು ಶಾಯಿಯಲ್ಲಿ ‘ವಾಪಸ್’. ಸಮಯ ಬರೆದಿಲ್ಲ, ವಾಪಸ್. ಅಕ್ಷರ ಓದಲಾಗುವುದಿಲ್ಲ, ವಾಪಸ್. ಬರೆದವರು ದೊಡ್ಡ ಸರ್ಜನ್ನೇ ಆಗಿರಲಿ, ಅವಳಿಗೇನು! “ಮದ್ವೆ ದಿನ ಬಂದ ಉಡುಗೊರೇನೂ ವಾಪಸ್ ಕಳ್ಸಿರ್ತಾಳೆ ಬಿಡಿ” ಎಂದು ನೆಲ ಒರೆಸುವವಳು ಒಮ್ಮೆ ಹೇಳಿದ್ದಕ್ಕೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಗಂಡ ಎಂದೋ ತೀರಿಕೊಂಡಿದ್ದ. ಆಸ್ಪತ್ರೆಯಿಂದ ಎರಡು ಬೀದಿ ಆಚೆ, ಎರಡು ಕೋಣೆಯ ಮನೆಯಲ್ಲಿ ಅವಳೂ ಅವಳ ಅತ್ತೆಯೂ ಇದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಮನೆಯಲ್ಲಿ ಎರಡೂ ಕಾಲ ಒಟ್ಟಿಗೇ ನಡೆಯುತ್ತಿದ್ದವು. ಇಬ್ಬರ ಕೂಗಾಟ ಬೀದಿಗೇ ಕೇಳುತ್ತಿತ್ತು. ಆದರೂ ಮುದುಕಿಯ ಬಟ್ಟೆ ಒಂದು ದಿನವೂ ಕೊಳೆಯಾಗಿದ್ದದ್ದನ್ನು ಯಾರೂ ನೋಡಿಲ್ಲ. ಇದು ನನಗೆ ಬೇಡದ ಮಾತು, ನಿಜವಾದ್ದರಿಂದ ಬರೆದೆ.

ಅವಳ ಬಣ್ಣದ ಕೆಲಸವನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಕಥೆ ಅರ್ಥವಾಗುವುದಿಲ್ಲ. ಸ್ತನದ ಗಡ್ಡೆ ಎಂದುಕೊಳ್ಳಿ. ಅದರ ಜೀವಕೋಶಗಳಲ್ಲಿ ಒಂದು ಪ್ರೋಟೀನ್ ಇದೆಯೋ ಇಲ್ಲವೋ ಗೊತ್ತಾಗಬೇಕು. ಇದ್ದರೆ ದಿನಕ್ಕೊಂದು ಮಾತ್ರೆ, ವರ್ಷಗಟ್ಟಲೆ ಕಾಪಾಡುತ್ತದೆ. ಇಲ್ಲದಿದ್ದರೆ ಆ ಮಾತ್ರೆ ನುಂಗಿಯೂ ದಂಡ. ಆ ಪ್ರೋಟೀನನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುವ ಔಷಧವೊಂದನ್ನು ಅವಳು ಗಾಜಿನ ಮೇಲೆ ಹನಿಸುತ್ತಾಳೆ. ಅಂಟಿದ ಕಡೆ ಕಂದು ಬಣ್ಣ ಬರುತ್ತದೆ, ಉಳಿದದ್ದೆಲ್ಲ ತಿಳಿನೀಲಿ. ಅದಕ್ಕೂ ಮೊದಲು ಗಾಜಿನ ಪಟ್ಟಿಗಳನ್ನು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುತ್ತಾಳೆ. ಹೌದು, ಮನೆಯಲ್ಲಿ ಬೇಳೆ ಬೇಯಿಸುವಂಥದ್ದೇ ಕುಕ್ಕರ್. ಇಷ್ಟೆಲ್ಲ ಮಾಡಿಯೂ, ದೇಹದಿಂದ ತೆಗೆದ ಚೂರು ಒಂದು ಗಂಟೆಯೊಳಗೆ ಫಾರ್ಮಾಲಿನ್ ಎಂಬ ಘಾಟು ನೀರಿಗೆ ಬೀಳದಿದ್ದರೆ ಪ್ರೋಟೀನ್ ಹಾಳಾಗುತ್ತದೆ, ಬಣ್ಣ ಬರುವುದಿಲ್ಲ. ಅದಕ್ಕೇ ಫಾರಮಿನಲ್ಲಿ ಸಮಯ ಬರೆಯುವ ಖಾನೆ. ಅದನ್ನು ತುಂಬುವವಳು ನಾನು.

ಆ ವಾರ ಅವಳು ನನ್ನ ಒಂಬತ್ತು ಫಾರಂಗಳನ್ನು ವಾಪಸ್ ಎಸೆದಿದ್ದಳು. “ಹನ್ನೊಂದು ವರ್ಷ ಆಯ್ತು, ಗಡಿಯಾರ ನೋಡೋಕೆ ಇನ್ನೂ ಬರಲ್ವಾ ನಿನಗೆ?” ಎಂದು ಎಲ್ಲರೆದುರು ಕೇಳಿದಳು. “ಬಣ್ಣ ಬಳಿಯೋರಿಗೆ ಇಷ್ಟು ಕೊಬ್ಬು ಬೇಡ” ಎಂದೆ ನಾನು. ಅಂದಿನಿಂದ ಮಾತು ಬಿಟ್ಟೆವು. ಮೊದಲೇ ಎಣ್ಣೆ ಸೀಗೆಕಾಯಿ, ಈಗ ಪೂರ್ತಿ ಆಯಿತು.

ಅದೇ ಶನಿವಾರ ನನ್ನ ಅಕ್ಕನ ಆಪರೇಷನ್. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಮಧ್ಯಾಹ್ನ ಎರಡಕ್ಕೆ ಆಪರೇಷನ್ ಕೋಣೆಯಿಂದ ಎರಡು ಡಬ್ಬಿ ಬಂದವು. ಕಂಕುಳಿನಿಂದ ತೆಗೆದ ಗಂಟು ಚಿಕ್ಕ ಡಬ್ಬಿಯಲ್ಲಿ ಫಾರ್ಮಾಲಿನ್ನಿನೊಳಗೇ ಇತ್ತು. ಸ್ತನದ ಗಡ್ಡೆಯ ದೊಡ್ಡ ಡಬ್ಬಿ ಒಣಗಿತ್ತು. “ಫಾರ್ಮಾಲಿನ್ ಮುಗ್ದೋಯ್ತು, ನಿಮ್ಮಲ್ಲೇ ಹಾಕ್ಕೊಳ್ಳಿ” ಎಂದು ಹೇಳಿ ತಂದವನು ಹೊರಟುಹೋದ. ನಮ್ಮಲ್ಲಿ ಫಾರ್ಮಾಲಿನ್ ಕ್ಯಾನ್ ಇರುವ ಬೀರುವಿಗೆ ಬೀಗ. ಕೀಲಿ ವಾಪಸ್ಸಮ್ಮನ ಬಳಿ. ಅವಳು ಆಗಲೇ ಮನೆಗೆ ಹೋಗಿದ್ದಳು.

ಒಂದು ಫೋನ್ ಮಾಡಿದ್ದರೆ ಹತ್ತು ನಿಮಿಷದಲ್ಲಿ ಬರುತ್ತಿದ್ದಳು, ಬೈದುಕೊಂಡಾದರೂ ಬರುತ್ತಿದ್ದಳು. ನಾನು ಫೋನನ್ನು ಕೈಗೆ ತೆಗೆದುಕೊಂಡೆ, ಇಟ್ಟೆ. ಅವಳೆದುರು ಹಲ್ಲು ಗಿಂಜಬೇಕಲ್ಲ ಎಂದು ಮೈ ಉರಿಯಿತು. ಡಬ್ಬಿಗೆ ಉಪ್ಪುನೀರಿನ ಸಲೈನ್ ಸುರಿದು ಆಫೀಸಿನ ಫ್ರಿಜ್ಜಿನಲ್ಲಿಟ್ಟೆ. ತಣ್ಣಗಿದ್ದರೆ ಏನೂ ಕೆಡುವುದಿಲ್ಲ ಎಂಬುದು ನನ್ನ ಅಡುಗೆಮನೆ ಬುದ್ಧಿ. ಸೋಮವಾರ ಬೆಳಿಗ್ಗೆ ಬೀರು ತೆರೆದ ಕೂಡಲೇ ಯಾರಿಗೂ ಕಾಣದಂತೆ ಫಾರ್ಮಾಲಿನ್ನಿಗೆ ಹಾಕಿದೆ. ಫಾರಮಿನಲ್ಲಿ ‘ಶನಿವಾರ, ಎರಡು ಗಂಟೆ ಹತ್ತು ನಿಮಿಷ’ ಎಂದು ದುಂಡಗೆ ಬರೆದೆ. ಆ ಫಾರಂ ವಾಪಸ್ ಬರಲಿಲ್ಲ.

ಐದು ದಿನ ಬಿಟ್ಟು ಅವಳು ಅಕ್ಕನ ಗಾಜಿನ ಪಟ್ಟಿ ಹಿಡಿದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಬಾಗಿಲು ತೆರೆದಿತ್ತು, ನನಗೆಲ್ಲ ಕೇಳುತ್ತಿತ್ತು.

“ಇದನ್ನ ನೆಗೆಟಿವ್ ಅಂತ ಕೊಡ್ಬೇಡಿ ಸರ್.”

“ಯಾಕ್ರೀ? ಪಟ್ಟಿ ಮೇಲಿರೋ ಪರೀಕ್ಷೆ ಚೂರು ಚೆನ್ನಾಗಿ ಕಂದು ಬಂದಿದೆ. ಬಣ್ಣ ಸರಿಯಾಗಿದೆ ಅಂತಾಯ್ತಲ್ಲ. ಗಡ್ಡೆ ನೀಲಿ, ಅಂದ್ರೆ ನೆಗೆಟಿವ್.”

“ಗಡ್ಡೆ ಪಕ್ಕದಲ್ಲಿರೋ ರೋಗ ಇಲ್ಲದ ಹಾಲಿನ ನಾಳ ನೋಡಿ. ಅದೂ ನೀಲಿ. ಒಳ್ಳೆ ನಾಳದಲ್ಲಿ ಅಲ್ಲೊಂದು ಇಲ್ಲೊಂದಾದ್ರೂ ಕಂದು ಬರ್ಲೇಬೇಕು. ಎರಡು ಸಲ ಮಾಡಿದೆ, ಎರಡು ಸಲಾನೂ ಇಲ್ಲ.”

“ಫಾರಂ ಸರಿಯಾಗಿದೆಯಲ್ಲ? ಟೈಮಿಗೆ ಫಾರ್ಮಾಲಿನ್ನಿಗೆ ಹಾಕಿದಾರೆ. ಎಲ್ಲದಕ್ಕೂ ಕೊಕ್ಕೆ ಹಾಕ್ಬೇಡಿ. ಟೈಪಿಗೆ ಕಳ್ಸಿ.”

ಕಾಗದ ನನ್ನ ಮೇಜಿಗೆ ಬಂತು. ಅಕ್ಕನ ಹೆಸರು ಟೈಪ್ ಮಾಡಿದೆ, ವಯಸ್ಸು ಮಾಡಿದೆ. ‘ನೆಗೆಟಿವ್’ ಎಂಬಲ್ಲಿಗೆ ಬರುವ ಹೊತ್ತಿಗೆ ಅವಳು ಗಾಜಿನ ಬಾಗಿಲು ತಳ್ಳಿಕೊಂಡು ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಹತ್ತು ದಿನದ ಮೇಲೆ ಅವಳು ನನ್ನೊಂದಿಗಾಡಿದ ಮೊದಲ ಮಾತು “ಬಾ ಇಲ್ಲಿ.” ಎಳೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು.

“ಮೇಲೆ ಕಂದು ಚೂರು ಕಾಣ್ತಾ? ಅದು ಬೇರೆಯವರದು, ಬಣ್ಣ ಸರಿಯಾಗಿ ಹತ್ತುತ್ತಾ ನೋಡೋಕೆ ನಾನಿಟ್ಟಿದ್ದು. ಕೆಳಗಡೆ ನಿಮ್ಮಕ್ಕಂದು. ಪೂರ್ತಿ ನೀಲಿ. ನೆಗೆಟಿವ್ ಅಂದ್ರೆ ‘ಇಲ್ಲ’ ಅಂತ. ಇದು ‘ಇಲ್ಲ’ ಅಲ್ಲ ಕಣೇ, ‘ಕಾಣಲಿಲ್ಲ’. ನೀನದನ್ನ ‘ಇಲ್ಲ’ ಅಂತ ಟೈಪ್ ಮಾಡಿದ್ರೆ ನಾಳೆಯಿಂದ ಅವಳಿಗೆ ಮಾತ್ರೆನೇ ಕೊಡಲ್ಲ. ಈಗ ಹೇಳು, ಎರಡೂ ಹತ್ತು ಅಂತ ಗಡಿಯಾರ ನೋಡಿ ಬರ್ದ್ಯಾ?”

“ಹ್ಞೂಂ, ನೋಡೇ ಬರ್ದೆ.”

“ಇನ್ನೊಂದ್ಸಲ ಹೇಳು.”

ಅವಳ ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂತು. ನನ್ನ ಅಕ್ಕನ ಮೇಲೆ ನನಗಿಲ್ಲದ ಕಾಳಜಿ ಇವಳಿಗೆ ಎಲ್ಲಿಂದ ಬಂತು? ಬಾಯಿ ತೆರೆದೆ. ಸುಳ್ಳು ಎರಡನೇ ಸಲ ಬರಲಿಲ್ಲ. “ಸಲೈನಲ್ಲಿತ್ತು” ಎಂದೆ, “ಫ್ರಿಜ್ಜಲ್ಲಿ. ಸೋಮವಾರದ ತನಕ.”

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. “ಥೂ” ಎಂದಳು, ಅಷ್ಟೇ. ನೇರ ಡಾಕ್ಟರ ಬಳಿ ಹೋಗಿ ಒಂದಕ್ಷರ ಬಿಡದೆ ಹೇಳಿದಳು. ನನ್ನನ್ನು ಅಂದೇ ಕೌಂಟರಿನಿಂದ ತೆಗೆದು ಹಳೆಯ ಫೈಲುಗಳ ಕೋಣೆಗೆ ಹಾಕಿದರು. ಅವಳು ಚಿಕ್ಕ ಡಬ್ಬಿಯ ಗಂಟನ್ನು ಹುಡುಕಿ ತೆಗೆದಳು. ಗಡ್ಡೆಯ ರೋಗ ಅಲ್ಲಿಗೂ ಹರಡಿತ್ತು, ಅದೇ ಈಗ ಉಪಯೋಗಕ್ಕೆ ಬಂತು. ಸೀಳಿ, ಬೇಯಿಸಿ, ಹನಿಸಿ, ತೊಳೆದಳು. ನಾಲ್ಕನೇ ದಿನ ಪಟ್ಟಿ ತುಂಬ ಕಂದು. ಪ್ರೋಟೀನ್ ಇತ್ತು, ಮೊದಲಿನಿಂದಲೂ ಇತ್ತು. ಅಕ್ಕನಿಗೆ ಮಾತ್ರೆ ಬರೆದುಕೊಟ್ಟರು. ಆ ಸುದ್ದಿ ಕೇಳಿ ಹಳೆಯ ಫೈಲುಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವಳಿಗೆ ಒಂದು ಥ್ಯಾಂಕ್ಸ್ ಮಾತ್ರ ಹೇಳಲಿಲ್ಲ.

ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ರಿಪೋರ್ಟ್ ಇಷ್ಟು ತಡ ಯಾಕೆ ಎಂದು ಅಕ್ಕ ಕೇಳಿದಾಗ, “ಬಣ್ಣ ಹಾಕೋಳು ಕೆಡಿಸಿದ್ಲು, ಅದಕ್ಕೆ ಮತ್ತೆ ಮಾಡ್ಬೇಕಾಯ್ತು” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ನನ್ನ ಅಕ್ಕ ಸುಮ್ಮನಿರುವ ಹೆಂಗಸಲ್ಲ. ಹೊಲಿಗೆ ಬಿಚ್ಚಿದ ಮರುವಾರವೇ, ಒಂದು ಕೈಯನ್ನು ಎದೆಗೆ ಒತ್ತಿಕೊಂಡು ಲ್ಯಾಬಿಗೆ ಬಂದಳು. ಗಲಾಟೆ ಕೇಳಿ ನಾನು ಓಡಿಬರುವಷ್ಟರಲ್ಲಿ ಗಾಜಿನ ಬಾಗಿಲಲ್ಲಿ ಶುರುವಾಗಿಬಿಟ್ಟಿತ್ತು.

“ನೀವೇ ಏನ್ರೀ ಬಣ್ಣ ಹಾಕೋರು? ನಿಮ್ಮನೇಲಿ ಯಾರಿಗಾದ್ರೂ ಹೀಗಾಗಿದ್ರೆ ಇಷ್ಟು ಹಗುರವಾಗಿ ಮಾಡ್ತಿದ್ರಾ? ನನ್ನ ಜೀವ ನಿಮಗೆ ಆಟದ ಸಾಮಾನಾ?”

ವಾಪಸ್ಸಮ್ಮ ಕೈಗವಸು ಬಿಚ್ಚುತ್ತಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಕ್ಕನ ಹೆಗಲಾಚೆಯಿಂದ ನನ್ನನ್ನು ನೋಡಿದಳು. ನನ್ನನ್ನು ಉಳಿಸುತ್ತಾಳೇನೋ ಎಂದು ಒಂದು ಗಳಿಗೆ ಆಸೆಪಟ್ಟೆ. ಅಂಥ ಹೆಂಗಸಾಗಿದ್ದರೆ ನಾನು ಇವಳ ಬಗ್ಗೆ ಇಷ್ಟು ಬರೆಯುತ್ತಲೂ ಇರಲಿಲ್ಲ.

“ನಿಮ್ಮ ತಂಗಿ ನಿಮ್ಮ ಹಿಂದೇನೇ ನಿಂತಿದಾಳೆ. ಅವಳನ್ನೇ ಕೇಳಿ. ನನ್ನ ಕುಕ್ಕರ್ ಒಲೆ ಮೇಲಿದೆ” ಎಂದು ಬಾಗಿಲು ಹಾಕಿಕೊಂಡಳು.

ಅಕ್ಕ ತಿರುಗಿದಳು. ಇನ್ನೇನು ಮಾಡಲಿ, ಹೇಳಿದೆ. ಒಣ ಡಬ್ಬಿ, ಬೀಗ, ಉಪ್ಪುನೀರು, ಫ್ರಿಜ್ಜು, ದುಂಡಗೆ ಬರೆದ ಸುಳ್ಳು ಸಮಯ, ಎಲ್ಲ. ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಮೆಲ್ಲಗೆ ಕೂತಳು.

“ಕೀಲಿ ಇವರ ಹತ್ರ ಇತ್ತು ಅಂತೀಯ. ಮನೆ ಎರಡೇ ಬೀದಿ ಆಚೆ ಅಂತೀಯ. ಮತ್ತೆ ಒಂದು ಫೋನ್ ಮಾಡೋಕೆ ನಿನಗೇನಾಗಿತ್ತು?”

“ನಾವಿಬ್ರೂ ಮಾತು ಬಿಟ್ಟಿದ್ವಿ ಅಕ್ಕಾ.”

ಅಕ್ಕ ನನ್ನ ಮುಖವನ್ನೇ ನೋಡಿದಳು. ಸಣ್ಣವಳಿದ್ದಾಗ ಜ್ವರ ಬಂದರೆ ಹೀಗೇ ನೋಡುತ್ತಿದ್ದಳು.

“ಸರಿ” ಎಂದು ಗೋಡೆ ಹಿಡಿದುಕೊಂಡು ಎದ್ದಳು. “ಹಾಗಾದ್ರೆ ನಾನೂ ಬಿಟ್ಟೆ.”

ಅಕ್ಕ ದಿನಾ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಮೈಗೆ ಹಿಡಿದಿದೆ ಎಂದು ಭಾವ ಹೇಳಿದರು.