ಪೇರಲ ಎಲೆಯ ಕಷಾಯದಲ್ಲಿ ಕರಗಿದ್ದು

ಮೊದಲು ಅಂಗಾಲು ಉರಿಯತೊಡಗಿತು. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಅಫಜಲಪುರದ ಡಾಕ್ಟರು ಬ್ಲಡ್ ಟೆಸ್ಟ್ ಮಾಡಿಸಿ, ಶುಗರ್ ಇದೆ, ಜೀವ ಇರುವ ತನಕ ಗುಳಿಗೆ ನುಂಗಬೇಕು ಎಂದರು.

ಆ ಮಾತು ನನಗೆ ಹಿಡಿಸಲಿಲ್ಲ.

ಗಾಣಗಾಪುರದ ಸಂಗಮದಲ್ಲಿ ಮುಳುಗೆದ್ದು, ಬೇರೆಯವರು ದೇವರ ಹೆಸರಲ್ಲಿ ಬದನೆಕಾಯಿ, ಚಹಾ ಬಿಡುವಂತೆ ನಾನು ಗುಳಿಗೆ ಬಿಟ್ಟೆ. ಹಿತ್ತಲಲ್ಲಿ ಪೇರಲ ಗಿಡವಿತ್ತು. ಅದರ ಎಲೆಯ ಕಷಾಯಕ್ಕೆ ಶುಗರ್ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. ಹೆಂಡತಿ ನೀಲಮ್ಮ ದಿನಾ ಮುಂಜಾನೆ ಕುದಿಸಿ, ಸೋಸಿ ಕೊಡುತ್ತಿದ್ದಳು. ಒಗರು, ಕಹಿ. ಮೂರು ತಿಂಗಳಿಗೆ ರಿಪೋರ್ಟ್ ನಾರ್ಮಲ್ ಬಂತು.

ಅದನ್ನು ಕಿಸೆಯಲ್ಲಿಟ್ಟುಕೊಂಡು ಊರೆಲ್ಲ ತೋರಿಸಿದೆ. ಟೇಲರ್ ಮೈಬೂಬ ನನ್ನ ಜೊತೆ ಹೈಸ್ಕೂಲು ಓದಿದವನು. ಅವನಿಗೂ ಶುಗರ್.

"ಆ ಗುಳಿಗಿ ಒಗಿಯೋ ಮಾರಾಯ. ಎಲಿ ನಾ ತಂದ್ಕೊಡ್ತೇನಿ" ಎಂದೆ.

"ದರ್ಜಿ ನಾನು, ಅಳತಿ ನೀ ತಗೋಳಾಕತ್ತಿಯಲ್ಲೋ" ಎಂದು ನಕ್ಕ. ನಕ್ಕರೂ ಗುಳಿಗೆ ಬಿಟ್ಟ.

ವರ್ಷದೊಳಗೆ ಅವನ ಬಲಗಾಲಿಗೆ ಚಪ್ಪಲಿ ಕಚ್ಚಿ ಗಾಯವಾಯಿತು. ಮಾಯಲಿಲ್ಲ. ಕಲಬುರಗಿಯ ಆಸ್ಪತ್ರೆಗೆ ನಾನೇ ಕರೆದೊಯ್ದೆ.

"ಗ್ಯಾಂಗ್ರೀನ್ ಆಗ್ಯಾದ. ಗುಳಿಗಿ ಯಾಕ ಬಿಟ್ಟ್ರಿ?" ಎಂದರು ಡಾಕ್ಟರು.

"ಮರ್ತಿದ್ದೆರಿ ಸಾಹೇಬ್ರ."

ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅರ್ಧ ಪಾದ ತೆಗೆದರು.

ನಾನು ಮನೆಗೆ ಬಂದು ನೀಲಮ್ಮನ ಮುಂದೆ, ಮೈಬೂಬ ಪಥ್ಯ ಮಾಡಲಿಲ್ಲ, ಎಲೆಯದೇನು ತಪ್ಪು, ಗುಳಿಗೆ ಬಿಟ್ಟ ನನಗೆ ಗುಣವಾಗಲಿಲ್ಲವೇ ಎಂದು ಜೋರು ಮಾಡಿದೆ. ಅವಳು ಒಳಗೆ ಹೋಗಿ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಗುಳಿಗೆಯ ಖಾಲಿ ಸ್ಟ್ರಿಪ್‌ಗಳನ್ನು ತಂದು ಮುಂದಿಟ್ಟಳು.

"ಎಲಿಯಿಂದ ಅಲ್ರಿ. ದಿನಾ ಕುಟ್ಟಿ ಕಷಾಯದಾಗ ಹಾಕ್ತಿದ್ದೆ. ದೇವರ ಮುಂದ ನೀವು ಬಿಟ್ಟೀರಿ, ನಾ ಬಿಟ್ಟಿದ್ದಿಲ್ಲ."

ನಲವತ್ತು ವರ್ಷ ಜೊತೆಗಿದ್ದವಳು.

"ಮೋಸ ಮಾಡ್ದಿ!"

"ಹೌದ್ರಿ, ಮಾಡ್ದೆ. ಮೈಬೂಬಣ್ಣನ ಗುಳಿಗಿ ಬಿಡಿಸೀರಂತ ನೀವು ನನಗ ಹೇಳಿದ್ರೇನು?"

ಹೇಳಿರಲಿಲ್ಲ. ಬೈಯುತ್ತಾಳೆಂದು ಮುಚ್ಚಿಟ್ಟಿದ್ದೆ. ಆದರೂ ಎಂಟು ದಿನ ಅವಳ ಜೊತೆ ಮಾತು ಬಿಟ್ಟೆ. ಮೋಸ ಹೋದವನು ನಾನು ಎಂದುಕೊಂಡು ಕೂರುವುದು ಸುಲಭವಿತ್ತು. ಆದರೆ ಅವಳ ಮೋಸದಿಂದ ನನ್ನ ಕಾಲು ಉಳಿದಿತ್ತು, ನನ್ನ ಮಾತಿನಿಂದ ಅವನ ಕಾಲು ಹೋಗಿತ್ತು.

ಮೈಬೂಬ ಮತ್ತೆ ಅಂಗಡಿ ತೆರೆಯಲು ಎರಡು ತಿಂಗಳು ಹಿಡಿಯಿತು. ಅಲ್ಲಿಯ ತನಕ ನನಗೆ ಬಾಯಿ ಬರಲಿಲ್ಲ. ಕೊನೆಗೆ ಹೋಗಿ ಎಲ್ಲ ಹೇಳಿದೆ. ಎಡಗಾಲಿನಿಂದ ಮಷಿನ್ ತುಳಿಯುತ್ತಿದ್ದವನು ನಿಲ್ಲಿಸಿದ.

"ಎಲಿ ಯಾವನು ನಂಬಿದ್ದನೋ? ನಾ ನಿನ್ನ ನಂಬಿದ್ದೆ. ಎದ್ದು ಹೋಗು."

ಹೋದೆ. ಮರುದಿನ ಮತ್ತೆ ಬಂದೆ. ಅವನು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಈಗ ದಿನಾ ಮುಂಜಾನೆ ಅವನ ಅಂಗಡಿಯಲ್ಲಿ ಕೂರುತ್ತೇನೆ. ರಿಪೋರ್ಟ್ ಇಟ್ಟುಕೊಂಡು ತಿರುಗಿದ ಕಿಸೆಯಲ್ಲಿ ಈಗ ನನ್ನ ಗುಳಿಗೆ ಇರುತ್ತದೆ. ಮೈಬೂಬ ತನ್ನದನ್ನು ಕೈಯಲ್ಲಿ ಹಿಡಿದು ಕಾಯುತ್ತಾನೆ.

"ಮೊದಲ ನೀ ನುಂಗು. ಹ್ಞಾ, ಬಾಯಿ ತೆಗಿ. ನಾಲಿಗಿ ಎತ್ತು."

ಎತ್ತಿ ತೋರಿಸುತ್ತೇನೆ. ಬಗ್ಗಿ ನೋಡುತ್ತಾನೆ. ಆಮೇಲೆಯೇ ತನ್ನದನ್ನು ನುಂಗುತ್ತಾನೆ.